ನೆವಿಲ್‌ನ ಬಿಳಿ ಪ್ಯಾಂಟು

ಮಿಲ್ಡುರಾ, ಶನಿವಾರ, ಮಾರ್ಚ್ 14

ಹುಲ್ಲಿನ ಮೇಲೆ ಚೆಂಡು ಉರುಳಿಸುವ ಈ ಬೌಲ್ಸ್ ಆಟಕ್ಕೆ ಬಿಳಿ ಪ್ಯಾಂಟೇ ಆಗಬೇಕೆಂದು ನಿಯಮ ಮಾಡಿದವನಿಗೆ ನನ್ನ ಶಾಪ ತಟ್ಟಲಿ. ಆಪರೇಷನ್ ಆದಮೇಲೆ ನನ್ನ ಗಂಡ ನೆವಿಲ್ ಇವತ್ತೇ ಮೊದಲು ಕ್ಲಬ್ಬಿಗೆ ಬಂದದ್ದು. ಚೆಂಡು ಉರುಳಿಸಲು ಬಗ್ಗಿದ, ಪ್ಯಾಂಟು ಒದ್ದೆಯಾಯಿತು. ಬೆಂಚಿನಲ್ಲಿದ್ದ ನಾನು ಮರೆಮಾಡಲು ಚೀಲದಲ್ಲಿ ಟವೆಲ್ ಹುಡುಕಿದೆ.

"ಏನೋ, ಬಿಯರ್ ಚೆಲ್ಕೊಂಡ್ಯಾ?" ಜೊತೆಯಾಟಗಾರ ರೆಜ್ ಕಿಚಾಯಿಸಿದ.

"ಬಿಯರಲ್ಲ ಕಣೋ, ಉಚ್ಚೆ. ಪ್ರಾಸ್ಟೇಟ್ ಗ್ರಂಥೀಲಿ ಕ್ಯಾನ್ಸರ್ ಇತ್ತು, ಸ್ವಲ್ಪ ಆಚೆಗೂ ಹರಡಿತ್ತು, ಗ್ರಂಥೀನೇ ತೆಗೆಸ್ಕೊಂಡೆ, ಆಮೇಲಿಂದ ಉಚ್ಚೆ ತಡೆಯಲ್ಲ. ನೀನು ಅದರ ರಕ್ತ ಪರೀಕ್ಷೆ ಮಾಡಿಸ್ಕೊಂಡಿದ್ಯಾ?"

"ಎಲ್ಲಿ ಮಾಡ್ತಾರೋ ಅದನ್ನ?" ಎಂದು ರೆಜ್ ಮೆಲ್ಲಗೆ ಕೇಳಿದ. ನೆವಿಲ್ ಅದೇ ಪ್ಯಾಂಟಿನಲ್ಲಿ ಆಟ ಮುಗಿಸಿದ.

ಮೂರು ತಿಂಗಳಿಂದ ಅವನ ಪ್ಯಾಂಟುಗಳನ್ನು ಶೆಡ್ಡಿನ ಹಿಂದೆ, ಯಾರಿಗೂ ಕಾಣದಂತೆ ಒಣಗಿಸುತ್ತಿದ್ದವಳು ನಾನೇ. ಇವತ್ತಿನದನ್ನು ಒಗೆದು ಬೀದಿಯ ಕಡೆಯ ಬೇಲಿಯ ಮೇಲೆ ಹರವಿ ಬಂದಿದ್ದೇನೆ. ನೋಡಲಿ, ಎಲ್ಲರೂ.