ಬಸ್ಸಿನ ತೂಕ ಸರಿಮಾಡಿದ್ದು

ಸೇತುವೆ ದಾಟಿದ ಮೇಲಿನ ಬಸ್ ನಿಲ್ದಾಣ,
೧೪ನೇ ತಾರೀಕು, ಸೋಮವಾರ ಬೆಳಿಗ್ಗೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯಮ್ಮಾ? ಕಾಲಿನ ಬಾವು ಇಳಿಯಿತೇ? ಹೊಟ್ಟೆಯೊಳಗಿನ ಪುಂಡ ಇನ್ನೂ ಒದೆಯುತ್ತಿದ್ದರೆ ನನ್ನ ಬುದ್ಧಿಯೇ ಬಂದಿದೆಯೆಂದು ತಿಳಿ. ನಾನು ಕಲ್ಲುಗುಂಡಿನ ಹಾಗಿದ್ದೇನೆ.

ನಮ್ಮ ನಡುಗಡ್ಡೆಗೆ ಇವತ್ತಿನಿಂದ ಒಂದಲ್ಲ, ಎರಡು ಹೆದ್ದಾರಿ ಸೇತುವೆ! ಅವಳಿ ಮಕ್ಕಳ ಹಾಗೆ ಅಕ್ಕಪಕ್ಕದಲ್ಲೇ ನಿಂತಿವೆ. ಒಂದು ಹೋಗಲು, ಒಂದು ಬರಲು. ಕಂಬ ಎಲ್ಲಿ ನಿಲ್ಲಿಸಬೇಕೆಂದು ಎಂಜಿನಿಯರಿಗೆ ತೋರಿಸಿದವನೇ ನಾನು. ಆತ ಬೇರೆ ಕಡೆ ನಿಲ್ಲಿಸಿದ, ಅದು ಅವನ ಹಣೆಬರಹ. ಇಪ್ಪತ್ತೆಂಟು ವರ್ಷ ದೋಣಿ ನಡೆಸಿದ ನನಗೆ ಮೊದಲ ಬಸ್ಸಿನ ಮುಂದಿನ ಸೀಟೇ ಸಿಕ್ಕಿತು. ಸಿಕ್ಕಿತೆಂದರೆ, ಕಿಟಕಿಯಿಂದ ಟವೆಲ್ ಎಸೆದು ಹಿಡಿದೆ.

ನಿಮ್ಮಮ್ಮನನ್ನೂ ಹತ್ತಿಸಿದೆ. ದೋಣಿ ಮಗುಚಿ ನೀರು ಕುಡಿದ ಮೇಲೆ ಒಂಬತ್ತು ವರ್ಷ ನದಿಗೆ ಬೆನ್ನುಹಾಕಿ ಕೂತ ನಮ್ಮಕ್ಕ, ನಿನ್ನ ಮದುವೆಗೂ ಬಾರದವಳು. (ಮಗುಚಿದ್ದು ನನ್ನ ದೋಣಿಯೇ; ತಪ್ಪು ಮಾತ್ರ ಗಾಳಿಯದು.) ‘ಹೆರಿಗೆಗೂ ಅಮ್ಮ ಬರದಿದ್ರೆ ಇನ್ನು ಕರೆಯೋದೇ ಇಲ್ಲ’ ಎಂದು ನೀನು ಬರೆದ ಕಾಗದವನ್ನು ಮೂರು ದಿನ ಸೆರಗಿನ ತುದಿಗೆ ಕಟ್ಟಿಕೊಂಡೇ ಓಡಾಡಿದಳು. ಬಸ್ ಹತ್ತುವಾಗಲೂ ‘ಬರೀ ಹೋಗಿ ಬರೋದು ಕಣೋ, ನಾನು ಇಳಿಯಲ್ಲ’ ಎಂದು ಷರತ್ತು ಹಾಕಿ, ಕಣ್ಣು ಮುಚ್ಚಿ ಕೂತಳು.

ಸೇತುವೆಯ ನಡುಮಧ್ಯೆ ಗಾಳಿ ಬೀಸಿತು. ನೀರು ನೋಡಲು ಎಲ್ಲರೂ ಎಡಗಡೆಯ ಕಿಟಕಿಗಳಿಗೆ ಮುಗಿಬಿದ್ದರು. ನನಗೇನಾಯಿತೋ, ಎದ್ದು ನಿಂತು ಅಬ್ಬರಿಸಿದೆ: ‘ಏಯ್, ಅರ್ಧ ಜನ ಬಲಕ್ಕೆ ಬನ್ರೋ, ತೂಕ ನೋಡ್ಕೊಳ್ಳಿ!’ ನಮ್ಮವರನ್ನು ಕೇಳಬೇಕೇ? ದರ್ಜಿ, ಅಂಚೆಯವನು, ಮೇಷ್ಟ್ರು, ಎಲ್ಲರೂ ದಡಬಡನೆ ಬಲಕ್ಕೆ ಹಾರಿ, ಉಸಿರು ಬಿಗಿಹಿಡಿದು ಕೂತರು. ಕಂಡಕ್ಟರ್ ಪಿಳಿಪಿಳಿ ನೋಡಿ, ‘ಅಜ್ಜಾ, ಇದು ಕಾಂಕ್ರೀಟು, ಮಗುಚಲ್ಲ’ ಎಂದ. ನಾನು ಅಜ್ಜನಂತೆ! ಮೊದಲು ನಕ್ಕವಳು ನಿಮ್ಮಮ್ಮ. ‘ಆವತ್ತು ಹೀಗೆ ಕೂಗಿದ್ರೆ ನಾನ್ಯಾಕೆ ಮುಳುಗ್ತಿದ್ದೆ, ಮಂಗಾ’ ಎಂದು ನನ್ನ ಬೆನ್ನಿಗೆ ಗುದ್ದಿ ಗುದ್ದಿ ನಕ್ಕಳು. ನಕ್ಕು ಮುಗಿಸುವಷ್ಟರಲ್ಲಿ ಈ ದಡ ಬಂದಿತ್ತು.

ನಿನ್ನ ಗಂಡನನ್ನು ಕೇಳಿದೆನೆಂದು ಹೇಳು. ನಿನಗೂ ಆ ಪುಂಡನಿಗೂ ಈ ಮಾವನ ಮನೆ ತುಂಬುವಷ್ಟು ಆಶೀರ್ವಾದ.

ನಿನ್ನ
ದೋಣಿ ಮಾವ

ತಾ.ಕ.: ವಾಪಸು ಬಸ್ಸನ್ನು ನಿಮ್ಮಮ್ಮ ಹತ್ತಲಿಲ್ಲ. ನಿನ್ನೂರಿನ ಬಸ್ಸಿನಲ್ಲಿ ಹೋಗಿ ಕೂತಿದ್ದಾಳೆ, ಬದಲಿ ಬಟ್ಟೆ ಕೂಡ ಇಲ್ಲ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಈ ಕಾಗದವನ್ನು ಅವಳ ಕೈಗೇ ತುರುಕುತ್ತಿದ್ದೇನೆ. ಇದನ್ನೆಲ್ಲ ಆಮೇಲೆ ಓದಿಕೊ, ಬಾಗಿಲಲ್ಲಿ ನಿಂತವಳನ್ನು ಮೊದಲು ಒಳಗೆ ಕರಿ.