ನಲವತ್ತು ವಿಧವೆಯರು, ಒಂದೇ ಅರ್ಜಿ

ಸಾಂಟಿಯಾಗೊ, ಮಾರ್ಚ್ 4

ಅತ್ತಿಗೆ ಎರ್ಮಿನಿಯಾಗೆ,

ಮಂಡಿನೋವು ಬಿಟ್ಟರೆ ಚೆನ್ನಾಗಿದ್ದೇನೆ. ನೀವು ಕಟ್ಟಿಕೊಟ್ಟ ಆಲೂಗಡ್ಡೆ ರೊಟ್ಟಿ ನಿನ್ನೆಗೆ ಮುಗಿಯಿತು. ಬಂದ ಕೆಲಸ ಮಾತ್ರ ಕೆಟ್ಟಿತು. ಕಂಪ್ಯೂಟರು ತಾನೇ ತೀರ್ಮಾನಿಸಿ ಪಿಂಚಣಿ ನಿಲ್ಲಿಸಬಾರದು, ಮೊದಲು ಒಬ್ಬ ಮನುಷ್ಯ ನಮ್ಮ ಮಾತು ಕೇಳಬೇಕು, ಹೊಸ ಕಾನೂನಿನಲ್ಲಿ ಇದನ್ನು ಸೇರಿಸಿ ಎಂದು ದ್ವೀಪದಿಂದ ನಲವತ್ತು ಅರ್ಜಿ ಕಳಿಸಿದೆವಲ್ಲ, ಅವನ್ನು ವಿಂಗಡಿಸಿದ್ದೂ ಕಂಪ್ಯೂಟರೇ. ಎಲ್ಲವನ್ನೂ ಟೀಚರ್ ಒತಿಲಿಯಾ ಒಬ್ಬಳೇ ಕೂತು ಒಂದೇ ಮಾತುಗಳಲ್ಲಿ ಟೈಪ್ ಮಾಡಿದ್ದಳಲ್ಲ, ಹಾಗಾಗಿ ಒಂದನ್ನು ಇಟ್ಟುಕೊಂಡು ಉಳಿದ ಮೂವತ್ತೊಂಬತ್ತನ್ನು ನಕಲು ಎಂದು ತಳ್ಳಿಹಾಕಿದೆ. ನಲವತ್ತು ಗಂಡಂದಿರನ್ನು ಕಡಲಿಗೆ ಕೊಟ್ಟವರು ಅದರ ಕಣ್ಣಿಗೆ ಒಬ್ಬಳೇ ವಿಧವೆ.

"ಮನುಷ್ಯರು ಯಾರಾದ್ರೂ ಓದಿದ್ರೇನಮ್ಮ?" ಎಂದು ಕಚೇರಿಯ ಕಿಟಕಿಯ ಹಿಂದಿದ್ದ ಹುಡುಗಿಯನ್ನು ಕೇಳಿದೆ.

"ತಕರಾರಿದ್ರೆ ಆ ಕಂಪ್ಯೂಟರ್ ಪರದೆ ಮೇಲೆ ಹಾಕಿ, ಅಜ್ಜಿ."

"ಅದನ್ನ ಯಾರು ಓದ್ತಾರೆ?"

ಹುಡುಗಿ ಕಿಟಕಿಯ ಹತ್ತಿರಕ್ಕೆ ಬಾಗಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಕೈಬರಹ ಕೆಟ್ಟದಾಗಿದ್ರೆ ಕಂಪ್ಯೂಟರಿಗೆ ಓದಕ್ಕಾಗಲ್ಲ. ಆಗ ನಾನೇ ಓದ್ಬೇಕು."

ತಿಂಗಳ ಕೊನೆಯೇ ಗಡುವು. ಒಬ್ಬೊಬ್ಬರೂ ಒಂದೊಂದು ಅಂಚೆ ಕಾರ್ಡಿನಲ್ಲಿ ಅರ್ಜಿಯನ್ನು ತಮ್ಮ ಕೈಯಲ್ಲೇ ಬರೆದು ಹಾಕಲಿ. ಒತಿಲಿಯಾಳನ್ನು ಹತ್ತಿರ ಬಿಟ್ಟುಕೊಳ್ಳಬೇಡಿ, ಅವಳ ಅಕ್ಷರ ಮುತ್ತಿನಂತಿದೆ.

ನಿಮ್ಮ ನಾದಿನಿ,
ದೊರಾಲಿಸಾ