ನನ್ನ ಮಾವನವರ ಹೆಸರನ್ನು ಅವರಿಗೆ ಕೊಟ್ಟವರು ಯಾರು?

ಗಡಿ ತಾಲ್ಲೂಕುಗಳ ಮಾದಕವಸ್ತು ತಡೆ ಸಮಿತಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಹೋದ ಕಾರ್ತೀಕದಲ್ಲಿ ಒಂದು ದಿನ ಮೂರು ಜನ ಬೈಕಿನಲ್ಲಿ ನಮ್ಮೂರಿಗೆ ಬಂದು, ನನ್ನ ಮಾವನವರಾದ ದೊಡ್ಡಬೀರಯ್ಯನವರು ಎಲ್ಲಿದ್ದಾರೆ ಎಂದು ವಿಚಾರಿಸಿದರು. ಮಾವನವರು ತೀರಿಕೊಂಡು ಇಪ್ಪತ್ತು ವರ್ಷ ಮೇಲಾಯಿತು. ಅವರು ಸಿಗಲಿಲ್ಲವೆಂದು, ಬಂದವರು ನಮ್ಮ ಹೊಲ ಕಾಯುವ ಜೋಗಯ್ಯನ ಬಲಗೈ ಮುರಿದು ಹೋದರು. ಸತ್ತವರು ಬದುಕಿದ್ದಾರೆ ಎಂದು ಆ ಮೂವರಿಗೆ ಹೇಳಿದ್ದು ಯಾರು? ಆ ಸುಳ್ಳನ್ನು ನಾನು ಹೇಳಿದ್ದು ಒಂದೇ ಒಂದು ಕಡೆ, ನಿಮ್ಮ ಸಮಿತಿಯ ಗುಪ್ತ ಮಾಹಿತಿಯ ಫೋನಿನಲ್ಲಿ. ಅದಕ್ಕೇ ಈ ಪತ್ರ.

ನಾನು ಶಾಲೆಗೆ ಹೋದವಳಲ್ಲ. ಅಣ್ಣಂದಿರ ಪುಸ್ತಕ ನೋಡಿ ಅಕ್ಷರ ಕಲಿತೆ. ಹೊಸ ಅಗ್ರಹಾರದ ತಂಗಿಗೆ, ಪಿರಿಯಾಪಟ್ಟಣದ ಮೈದುನನ ಮಕ್ಕಳಿಗೆ ಈಗಲೂ ಕಾಗದ ಬರೆಯುತ್ತೇನೆ. ಫೋನಿದೆಯಲ್ಲ ದೊಡ್ಡವ್ವ ಎಂದು ಅವರು ನಗುತ್ತಿದ್ದರು, ಈಗ ನಗುವುದಿಲ್ಲ. ನನ್ನ ಕಾಗದವೆಲ್ಲ ಶುರುವಾಗುವುದು ಇತ್ತ ಎಲ್ಲರೂ ಕ್ಷೇಮ ಎಂದು. ನಿಮಗೆ ಹಾಗೆ ಬರೆಯಲು ಕೈ ಏಳಲಿಲ್ಲ. ನಿಮ್ಮ ಕ್ಷೇಮವನ್ನು ಕೇಳುವ ಅಗತ್ಯವೂ ಕಾಣೆ, ಪತ್ರಿಕೆಯ ಫೋಟೋದಲ್ಲಿ ಚೆನ್ನಾಗಿಯೇ ಇದ್ದೀರಿ.

ಆ ಫೋಟೋದ ಕೆಳಗಿದ್ದುದನ್ನು ನಾನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ನಮ್ಮ ಭಾಗದಲ್ಲಿ ಗಾಂಜಾ, ಮಾತ್ರೆಗಳ ಹಿಂದೆಯೇ ಹೊಡೆದಾಟ, ಚೂರಿ ಇರಿತ ಹೆಚ್ಚುತ್ತಿರುವುದಕ್ಕೆ ಕಾರಣವೇನು ಎಂದು ಯಾರೋ ಕೇಳಿದ್ದಾರೆ. ಮಾಲು ಗಡಿಯಾಚೆಯಿಂದ ಬರುತ್ತದೆ, ಹುಡುಗರಿಗೆ ಕೆಲಸವಿಲ್ಲ, ಮೊಬೈಲು ಕೆಡಿಸಿದೆ, ಕಾಡಂಚಿನ ಗಿರಿಜನರ ಹಾಡಿಗಳಲ್ಲಿ ತಿಳಿವಳಿಕೆ ಕಡಿಮೆ ಎಂದು ನೀವು ಉತ್ತರ ಕೊಟ್ಟಿದ್ದೀರಿ. ಕೊನೆಯ ಮಾತಿಗೆ ಉದಾಹರಣೆಯಾಗಿ, ಅಂತರಸಂತೆ ಭಾಗದಲ್ಲಿ ಹಾಡಿಯವರು ನಶೆಯಲ್ಲಿ ಪರಸ್ಪರ ಹೊಡೆದಾಡಿಕೊಂಡ ಪ್ರಕರಣ ಎಂದೂ ಹೇಳಿದ್ದೀರಿ. ಆ ಪ್ರಕರಣವೇ ನಮ್ಮ ಜೋಗಯ್ಯ. ಪರಸ್ಪರ ಎಂದರೆ ಎರಡು ಕಡೆಯವರಿರಬೇಕಲ್ಲವೇ? ಇನ್ನೊಂದು ಕಡೆಯವರ ಹೆಸರನ್ನು ನೀವು ಪತ್ರಿಕೆಗೂ ಕೊಟ್ಟಿಲ್ಲ, ಠಾಣೆಯಲ್ಲೂ ಬರೆದುಕೊಂಡಿಲ್ಲ. ನಮ್ಮ ಮಾವನವರ ಹೆಸರನ್ನು ಹಂಚುವಾಗ ಇಷ್ಟು ಬಿಗಿ ತೋರಿಸಿದ್ದರೆ ಸಾಕಾಗಿತ್ತು.

ಗಡಿಯಾಚೆಯಿಂದ ಬರುತ್ತದೆ ಎಂದಿರಿ. ಇರಬಹುದು. ನನ್ನ ತಂಗಿಯ ಮಗಳು ಸುಕನ್ಯ ಗಡಿಯಾಚೆ ಮಾನಂದವಾಡಿಯಲ್ಲಿ ನರ್ಸು. ಅಲ್ಲಿಯ ದೊಡ್ಡ ಮನುಷ್ಯರು, ಮಾಲೆಲ್ಲ ಮೈಸೂರು ಕಡೆಯಿಂದ ಬರುತ್ತದೆ ಎಂದು ಭಾಷಣ ಮಾಡುತ್ತಾರಂತೆ. ಹಾಗಾದರೆ ಅದು ಗಡಿಕಲ್ಲಿನ ಮೇಲೆಯೇ ಬೆಳೆಯುತ್ತದೆಯೇ? ಅವಳ ಮನೆಗೆ ಹೋಗುವಾಗ ಚೆಕ್‌ಪೋಸ್ಟಿನಲ್ಲಿ ನನ್ನ ಚೀಲ ಬಿಚ್ಚಿಸಿ, ಹುರುಳಿಕಾಳಿನ ಚಟ್ನಿಪುಡಿಯನ್ನು ಒಬ್ಬರಾದ ಮೇಲೆ ಒಬ್ಬರು ಮೂಸಿ ನೋಡಿದರು. ಸೀನಿದ್ದೂ ಆಯಿತು. ನನಗೇನೂ ಬೇಸರವಿಲ್ಲ, ಕೆಲಸ ಮಾಡುವವರು ಮಾಡಲಿ. ಆದರೆ ಅಷ್ಟು ಚುರುಕಾದ ಮೂಗುಗಳಿಗೆ ಹಿಂದಿನಿಂದ ಬಂದ ಟಾರ್ಪಾಲು ಬಿಗಿದ ಗಾಡಿಯ ಹತ್ತಿರ ಹೋಗುತ್ತಲೇ ನೆಗಡಿ ಹಿಡಿಯುವುದೇಕೆ ಎಂದು ಅವತ್ತಿನಿಂದ ಯೋಚಿಸುತ್ತಿದ್ದೇನೆ.

ಕೆಲಸವಿಲ್ಲ ಎಂದಿರಿ. ನಾನು ನೋಡಿದ ಹುಡುಗರಿಗೆ ಕೈತುಂಬ ಕೆಲಸವಿತ್ತು. ಅದನ್ನೇ ಹೇಳುತ್ತೇನೆ, ಕೇಳಿ.

ನಮ್ಮ ಹೊಲದ ಆಚೆ ಬದುವಿನ ಜಮೀನನ್ನು ಶುಂಠಿಗೆ ಗುತ್ತಿಗೆ ಕೊಟ್ಟಿದ್ದರು. ಶುಂಠಿ ಹಾಕುವವರು ಆಳುಗಳಿಗೆಂದು ಹೊಲದಲ್ಲೇ ತಗಡಿನ ಶೆಡ್ ಹಾಕುತ್ತಾರೆ, ಶುಂಠಿ ಕಿತ್ತ ಮೇಲೆ ಬಿಚ್ಚಿಕೊಂಡು ಮುಂದಿನ ಹೊಲಕ್ಕೆ ಹೋಗುತ್ತಾರೆ. ಒಂದು ತಗಡನ್ನೂ ಬಿಟ್ಟು ಹೋಗುವ ಜನವಲ್ಲ. ಶಿವರಾತ್ರಿಗೇ ಶುಂಠಿ ಕಿತ್ತಾಯಿತು. ಮಳೆ ಬಂತು, ಹೊಲ ಬೀಳುಬಿತ್ತು, ನಮ್ಮ ರಾಗಿ ತೆನೆ ಕಟ್ಟಿತು. ಶೆಡ್ ಮಾತ್ರ ಅಲ್ಲೇ ನಿಂತಿತ್ತು, ಹೊಸ ಬೀಗದ ಸಮೇತ. ಬೆಳೆಯಿಲ್ಲದ ಹೊಲಕ್ಕೆ ಬೈಕುಗಳು ಬರುತ್ತಿದ್ದವು, ಮೂಟೆ ಇಳಿಸುವ ಚಿಕ್ಕ ಗಾಡಿ ಬರುತ್ತಿತ್ತು. ಗಾಳಿ ಈ ಕಡೆ ತಿರುಗಿದರೆ ಬರುವ ವಾಸನೆ ಶುಂಠಿಯದಲ್ಲ ಎಂದು ತಿಳಿಯಲು ನಾನೇನೂ ಪರೀಕ್ಷೆ ಪಾಸು ಮಾಡಬೇಕಿರಲಿಲ್ಲ. ಊರಿನವರೆಲ್ಲ ಆ ಕಡೆ ಮುಖ ಮಾಡದೆ ಓಡಾಡುವುದನ್ನು ಕಲಿತಿದ್ದರು. ನಾನೂ ಕಲಿತಿದ್ದೆ.

ಅಷ್ಟರಲ್ಲಿ ಜೋಗಯ್ಯನ ಹೆಂಡತಿ ನಿಂಗಿ ಬಂದು ಹಿತ್ತಿಲಲ್ಲಿ ಕೂತಳು. ಕಾಲೇಜಿನ ಬಸ್ಸಿಗೆ ಹೋಗುವ ಅವಳ ಮಗಳು ಮಂಗಳಾಳನ್ನು ಆ ಹುಡುಗರು ಬದುವಿನ ಮೇಲೆ ಅಡ್ಡಗಟ್ಟಿದ್ದರು.

‘ದುಪಟ್ಟ ಇಡ್ಕಂಡು ಬುಡ್ನಿಲ್ವಂತೆ ಕಣವ್ವ. ನಾಳಿಂದ ಹೋಗಾಕಿಲ್ಲ ಅಂತ ಕುಂತವಳೆ.’

‘ಜೋಗಯ್ಯಂಗೆ ಹೇಳ್ದಾ?’

‘ಏಳಿದ್ರೆ ಮಚ್ಚು ತಕ್ಕಂಡು ಓಯ್ತನೆ. ಅಮ್ಯಾಕೆ ಅವನ್ನ ಯಾರವ್ವ ಬುಡುಸ್ಕಬರೋರು?’

ಅದಕ್ಕೇ ನಿಮ್ಮ ನಂಬರಿಗೆ ಮಾತಾಡಿದೆ. ಪಂಚಾಯಿತಿ ಗೋಡೆಯ ಮೇಲೆ ನೀವೇ ಬರೆಸಿದ್ದೀರಿ: ಹೆಸರು ಹೇಳಬೇಕಾಗಿಲ್ಲ, ಮಾಹಿತಿ ಕೊಟ್ಟವರ ಗುರುತನ್ನು ಗುಪ್ತವಾಗಿಡಲಾಗುವುದು. ಸುಕನ್ಯ ರಜೆಗೆ ಬಂದಿದ್ದಳು. ಅವಳು ಸ್ನಾನಕ್ಕೆ ಹೋದಾಗ ಅವಳ ಫೋನು ತೆಗೆದುಕೊಂಡು ದನದ ಕೊಟ್ಟಿಗೆಗೆ ಹೋದೆ. ಫೋನೆತ್ತಿದವರು ಎಲ್ಲ ಕೇಳಿಕೊಂಡರು. ಊರು ಯಾವುದು, ಶೆಡ್ ಎಲ್ಲಿ, ಗಾಡಿ ಯಾವಾಗ ಬರುತ್ತದೆ. ಆಮೇಲೆ,

‘ಹೆಸ್ರು ಹೇಳಮ್ಮ.’

‘ಹೆಸ್ರು ಬ್ಯಾಡ ಅಂತ ಗೋಡೆ ಮೇಲೆ ಬರ್ಸಿದ್ದೀರಲ್ಲಪ್ಪ.’

‘ಗೋಡೆ ಮೇಲೆ ಹಾಗೇ ಬರೀತಾರೆ. ಇಲ್ಲಿ ಹೆಸ್ರಿಲ್ದೆ ಮುಂದಕ್ಕೆ ಹೋಗಲ್ಲ. ಎಲ್ಲ ಗುಪ್ತವಾಗಿರತ್ತೆ.’

‘ಹಂಗಾರೆ ದೊಡ್ಡಬೀರಯ್ಯ ಅಂತ ಬರ್ಕಳಪ್ಪ. ನಮ್ಮ ಮನೆ ಯಜಮಾನ್ರು. ಅವ್ರೇ ನೋಡವ್ರೆ, ನನ್ ಕೈಲಿ ಹೇಳುಸ್ತಾವ್ರೆ.’

ಮಾನ್ಯರೇ, ನಮ್ಮಲ್ಲಿ ಸೊಸೆಯಾದವಳು ಮಾವನ ಹೆಸರು ಹೇಳುವುದಿಲ್ಲ. ಪಿತೃಪಕ್ಷದಲ್ಲಿ ಅವರಿಗೆ ಎಡೆ ಇಡುವಾಗಲೂ ನಾನು ದೊಡ್ಡವರು ಎಂದೇ ಕೈಮುಗಿಯುವುದು. ಅವರು ಇದ್ದಾಗಲೂ, ಹೋದ ಮೇಲೂ ಆ ಹೆಸರು ನನ್ನ ಬಾಯಿಂದ ಬಂದಿರಲಿಲ್ಲ. ಮೊದಲ ಸಲ ಹೇಳಿದ್ದು ನಿಮ್ಮ ಫೋನಿಗೆ. ಬದುಕಿರುವವರ ಹೆಸರು ಕೊಡಲು ಮನಸ್ಸು ಒಪ್ಪಲಿಲ್ಲ; ಹೋದವರನ್ನು ಯಾರು ಏನು ಮಾಡಿಯಾರು ಎಂದುಕೊಂಡೆ. ಸುಳ್ಳು ಮಾಹಿತಿ ಕೊಟ್ಟಳೆಂದು ನನ್ನ ಮೇಲೆ ಕೇಸು ಹಾಕುವುದಿದ್ದರೆ ಹಾಕಿ. ಅದರಲ್ಲಿ ಆ ಹೆಸರು ನಿಮ್ಮ ಕಚೇರಿಗೆ ಬಂದಿತ್ತು ಎಂದು ನೀವೇ ಬರೆಯಬೇಕಾಗುತ್ತದೆ.

ಮೂರನೆಯ ದಿನ ಹೊತ್ತು ಇಳಿಯುವ ಮೊದಲು ಆ ಮೂವರು ಬಸ್‌ಸ್ಟಾಪಿನ ಸುಂದ್ರಮ್ಮನ ಟೀ ಅಂಗಡಿಗೆ ಬಂದರು. ನಮ್ಮ ಕಡೆ ಹೊಲವನ್ನು ಹಿಂದಿನವರ ಹೆಸರಿನಲ್ಲೇ ಕರೆಯುತ್ತಾರೆ. ಗುತ್ತಿಗೆಗೆ ಜಮೀನು ಹುಡುಕುವ ದಲ್ಲಾಳಿಗಳೂ ಹಾಗೆಯೇ ಕೇಳುತ್ತಾ ಬರುತ್ತಾರೆ. ಸುಂದ್ರಮ್ಮ ಇವರನ್ನೂ ಹಾಗೇ ತಿಳಿದಳು.

‘ದೊಡ್ಡಬೀರಯ್ಯನ ಕಡೆ ಹೋಗ್ಬೇಕಿತ್ತು.’

‘ಶುಂಠಿಗಾ? ಈ ಸಲ ಕೊಡಾಕಿಲ್ಲ ಕಣಪ್ಪ, ರಾಗಿ ಆಕವ್ರೆ.’

‘ಎಲ್ಲಿ ಅಂತ ಹೇಳಮ್ಮ ಸಾಕು.’

‘ಕೆರೆ ಏರಿ ದಾಟಿ ಓಗಿ, ಕಾವಲು ಅಟ್ಟಣೆ ಕಾಣ್ತದೆ. ಜೋಗಯ್ಯ ಅಂತವ್ನೆ, ಅವನ್ನ ಕೇಳಿ.’

ಟೀ ಚೆನ್ನಾಗಿದೆ ಎಂದು ಹೇಳಿ ಹೋದರಂತೆ. ಅದನ್ನು ನೆನೆದು ಸುಂದ್ರಮ್ಮ ಇವತ್ತಿಗೂ ಅಳುತ್ತಾಳೆ.

ಆನೆ ರಾಗಿಗೆ ಇಳಿಯುವ ಕಾಲವಾದ್ದರಿಂದ ಜೋಗಯ್ಯ ಅಟ್ಟಣೆಗೆ ಏಣಿ ಕಟ್ಟುತ್ತಿದ್ದ. ಮುಂದಿನದು ಆಸ್ಪತ್ರೆಯಲ್ಲಿ ಅವನೇ ನನಗೆ ಹೇಳಿದ್ದು.

‘ಎಲ್ಲವ್ನೋ ದೊಡ್ಡಬೀರಯ್ಯ ಅಂದ್ರು ಕಣವ್ವ. ತೀರ್ಕಂಡವ್ರೆ ಸ್ವಾಮಿ ಅಂದೆ. ಮೊನ್ನೆ ಹೆಂಗಸ್ರ ಕೈಲಿ ಫೋನು ಮಾಡ್ಸಿದೋನು ಇವತ್ತು ತೀರ್ಕಂಡ್ನಾ ಅಂದ ಒಬ್ಬ. ನಾನು, ಅಗಾ, ಉಣಸೆ ಮರದ ಕೆಳಗೆ ಮಣ್ಣು ಮಾಡಿದ ಗುಡ್ಡೆ ಕಾಣಾಕಿಲ್ವಾ, ಅಲ್ಲವ್ರೆ ಅಂದೆ. ನಮ್ಗೇ ಆಟ ಕಟ್ತೀಯೇನ್ಲಾ ಅಂದ್ಬುಟ್ಟು, ನಾನು ಕಟ್ತಿದ್ದ ಏಣಿಯ ಬಿದಿರು ಗಳನೇ ತಕ್ಕಂಡು ಬಡುದ್ರು.’ ಆಮೇಲೆ ನನ್ನ ಮುಖ ನೋಡಿದ. ‘ಯಾವ ಫೋನವ್ವ ಅದು?’

ಮಂಗಳಾಳ ವಿಷಯದಿಂದ ಹಿಡಿದು ಎಲ್ಲ ಹೇಳಿದೆ. ಅವನು ಗೋಡೆಯ ಕಡೆ ತಿರುಗಿ, ‘ಮಂಗಳಾ ಬಸ್ಸಿಗೆ ಓದ್ಲಾ?’ ಎಂದು ಕೇಳಿದ.

ಈಗ ನೀವೇ ಹೇಳಿ. ಊರಿನಲ್ಲಿ ಯಾರನ್ನು ಕೇಳಿದ್ದರೂ ಮಾವನವರು ಹೋಗಿ ಬಹಳ ವರ್ಷವಾಯಿತು ಎನ್ನುತ್ತಿದ್ದರು. ಅವರು ಬದುಕಿದ್ದಾರೆ ಎಂದವಳು ಈ ಲೋಕದಲ್ಲಿ ನಾನೊಬ್ಬಳೇ. ಕೇಳಿದ ಕಿವಿ ನಿಮ್ಮ ಫೋನಿನದು ಒಂದೇ. ಸುಕನ್ಯಳಿಗೂ ಯಾವ ಹೆಸರು ಕೊಟ್ಟೆನೆಂದು ಹೇಳಿರಲಿಲ್ಲ. ಹೆಂಗಸು ಮಾತಾಡಿದ್ದು ಎಂಬುದೂ ಅವರಿಗೆ ಗೊತ್ತಿತ್ತಲ್ಲ, ಅದನ್ನು ನಮ್ಮ ಕೊಟ್ಟಿಗೆಯ ಹಸು ಹೋಗಿ ಹೇಳಿತೇ? ಫೋನೆತ್ತಿದವರೇ ಹೇಳಿದರು ಎಂದು ನಾನು ಆಣೆ ಮಾಡಲಾರೆ. ಬರೆದುಕೊಂಡವರಿರಬಹುದು, ಓದಿದವರಿರಬಹುದು, ಮೇಲಿನವರು, ಕೆಳಗಿನವರು, ಪಕ್ಕದ ಮೇಜಿನವರು ಇರಬಹುದು. ಒಂದು ಹೆಸರು ಗುಪ್ತವಾಗಿರಲು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಾಗಬೇಕು ಎಂಬ ಲೆಕ್ಕ ನನಗೆ ತಿಳಿಯದು.

ನಿಮ್ಮ ಜೀಪುಗಳೂ ಬಂದವು. ಜೋಗಯ್ಯನ ಕೈ ಮುರಿದ ಮಾರನೆಯ ದಿನ. ಅಷ್ಟರಲ್ಲಿ ಶೆಡ್ ಇರಲಿಲ್ಲ. ನೆಲವನ್ನು ಗುಡಿಸಿಟ್ಟು ಹೋಗಿದ್ದರು. ಬಾಡಿಗೆ ಮನೆ ಖಾಲಿ ಮಾಡುವ ನೆಂಟರೂ ಅಷ್ಟು ಚೊಕ್ಕಟ ಮಾಡಿ ಹೋಗುವುದಿಲ್ಲ. ಅಲ್ಲಿ ಏನೂ ಸಿಗದೆ ನಿಮ್ಮವರು ಬದು ದಾಟಿ ನಮ್ಮ ಅಟ್ಟಣೆ ಹತ್ತಿದರು. ಜೋಗಯ್ಯನ ಕಂಬಳಿಯೊಳಗೆ ಗಾಂಜಾ ಪೊಟ್ಟಣ ಸಿಕ್ಕಿತಂತೆ. ಅವನಿಗಿರುವುದು ಒಂದೇ ಕಂಬಳಿ. ಹಿಂದಿನ ಸಂಜೆಯೇ ನಿಂಗಿ ಅದನ್ನು ಹೊದಿಸಿ ಅವನನ್ನು ಆಸ್ಪತ್ರೆಗೆ ತಂದಿದ್ದಳು. ನಿಮ್ಮವರು ಅಟ್ಟಣೆಯಲ್ಲಿ ಅದನ್ನು ಕೊಡವುತ್ತಿದ್ದ ಹೊತ್ತಿಗೆ ಅದು ಹೆಚ್.ಡಿ. ಕೋಟೆಯಲ್ಲಿ ಅವನ ಮೈಮೇಲಿತ್ತು, ನಾನೇ ಅಂಚು ಮಡಚಿ ಕಾಲಿಗೆ ಹೊದಿಸಿದ್ದೆ.

ಹೇಳಿಕೆ ಬರೆದುಕೊಳ್ಳಲು ಆಸ್ಪತ್ರೆಗೆ ಬಂದ ಠಾಣೆಯವರು ಮೊದಲು ನನ್ನನ್ನು ಮೇಲೆ ಕೆಳಗೆ ನೋಡಿದರು.

‘ನೀವು ಇವ್ನಿಗೆ ಏನಾಗ್ಬೇಕಮ್ಮ?’

‘ನಮ್ಮ ಹೊಲ ಕಾಯೋನು. ನಮ್ಮನೇಲಿ ಉಂಡು ಬೆಳ್ದೋನು.’

‘ಕುಡಿತಾನಾ?’

‘ಸಂತೆ ದಿನ ಕುಡಿತನೆ.’

‘ಅಷ್ಟು ಹೇಳಿದ್ರಲ್ಲ, ಸಾಕು.’

‘ಅವತ್ತು ಸಂತೆ ಇರ್ನಿಲ್ಲ ಕಣಪ್ಪ. ಅದ್ನೂ ಬರ್ಕೋ.’

ಅದನ್ನು ಬರೆದುಕೊಳ್ಳಲಿಲ್ಲ. ಜೋಗಯ್ಯ ಕುಡಿಯುವುದೇ ಇಲ್ಲ ಎಂದು ನಾನು ಹೇಳಿದ್ದರೆ ಚೆನ್ನಾಗಿತ್ತೇನೋ. ಸತ್ಯ ಹೇಳಿದ್ದಕ್ಕೆ ಅವನಿಗೆ ಹೊಲದಲ್ಲಿ ಕೈ ಮುರಿಯಿತು, ನನ್ನ ಸತ್ಯಕ್ಕೆ ಆಸ್ಪತ್ರೆಯಲ್ಲಿ ಅವನು ಆರೋಪಿಯಾದ. ಈಗ ಅವನು ಜಾಮೀನಿನ ಮೇಲೆ ಹಾಡಿಯಲ್ಲಿ ಕೂತಿದ್ದಾನೆ. ಕೈ ಸೊಟ್ಟಗೆ ಕೂಡಿಕೊಂಡಿದೆ. ಜೇನಿನ ಮರ ಹತ್ತುವಂತಿಲ್ಲ, ಕುಡುಗೋಲು ಹಿಡಿಯುವಂತಿಲ್ಲ. ತಿಂಗಳು ತಿಂಗಳು ಕೋರ್ಟಿಗೆ ಬಂದು, ತನ್ನನ್ನು ತಾನೇ ಹೊಡೆದುಕೊಂಡ ಮನುಷ್ಯನ ಹಾಗೆ ನಿಲ್ಲುತ್ತಾನೆ.

ಆದ್ದರಿಂದ ನಿಮ್ಮ ಕಾರಣಗಳ ಪಟ್ಟಿಗೆ ಒಂದನ್ನು ಸೇರಿಸಿಕೊಳ್ಳಿ. ಇಲ್ಲಿ ನೋಡಿದವರು ನೋಡಿದ್ದನ್ನು ಹೇಳುವುದಿಲ್ಲ. ಹೇಳಿದ್ದು ಎಲ್ಲಿಗೆ ತಲುಪುತ್ತದೆ ಎಂದು ಎಲ್ಲರಿಗೂ ಗೊತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಇದನ್ನೆಲ್ಲ ಪಿರಿಯಾಪಟ್ಟಣದ ಮೈದುನನ ಮಗನಿಗೆ ಬರೆದಿದ್ದೆ. ಅವನ ಉತ್ತರ ಬಂತು: ‘ನಮ್ಮಲ್ಲಿ ಹೊಗೆಸೊಪ್ಪು ಬೇಯಿಸುವ ಹಳೇ ಬ್ಯಾರನ್ ಒಂದರಲ್ಲಿ ಇದೇ ವ್ಯಾಪಾರ ನಡೀತದೆ ದೊಡ್ಡವ್ವ. ಹೇಳಿದವನೊಬ್ಬ ಊರು ಬಿಟ್ಟ. ನೀನು ಸುಮ್ಮನಿರು.’ ನಾನು ಎತ್ತಿ ಆಡಿಸಿದ ಹುಡುಗ ನನಗೆ ಸುಮ್ಮನಿರು ಎಂದು ಬರೆದಿದ್ದಾನೆ. ಇಷ್ಟು ಜನರ ಬಾಯಿಗೆ ಬೀಗ ಹಾಕಿಕೊಟ್ಟರೆ ಚೂರಿ ಹಿಡಿದವನಿಗೆ ಇನ್ನಾರ ಭಯ? ನಶೆಯವನು ಒಂದು ಏಟು ಹೊಡೆಯುತ್ತಾನೆ ಸರಿ. ಯಾರ ಮನೆಗೆ ಹೋಗಿ ಹೊಡೆಯಬೇಕು ಎಂದು ವಿಳಾಸ ಕೊಡುವವರು ಯಾವ ನಶೆಯಲ್ಲಿರುತ್ತಾರೆ?

ಜಾಥಾ ಮಾಡಿಸುತ್ತೀರಂತೆ, ಹಾಡಿಯಲ್ಲಿ ಬೀದಿನಾಟಕ ಆಡಿಸುತ್ತೀರಂತೆ. ಆಡಿಸಿ. ಅದಕ್ಕೆ ಮೊದಲು ನನಗೆ ಬೇಕಾದದ್ದು ಇಷ್ಟು. ಜೋಗಯ್ಯನ ಮೇಲಿನ ಕೇಸನ್ನು ಹಿಂದಕ್ಕೆ ತೆಗೆದುಕೊಂಡು, ಹೊಡೆದವರ ಮೇಲೆ ಹಾಕಿ. ಪರಸ್ಪರ ಎಂದು ಹೇಳಿದ್ದು ತಪ್ಪಾಯಿತೆಂದು ಅದೇ ಪತ್ರಿಕೆಯಲ್ಲಿ ಹೇಳಿ, ಫೋಟೋ ಇಲ್ಲದಿದ್ದರೂ ನಡೆಯುತ್ತದೆ. ಆ ಹೆಸರು ನಿಮ್ಮ ಕಚೇರಿಯಿಂದ ಯಾರ ಬಾಯಲ್ಲಿ ಹೊರಗೆ ಹೋಯಿತೆಂದು ಕಂಡುಹಿಡಿಯಿರಿ. ನಿಮಗೆ ಆಗದಿದ್ದರೆ ಆಗದು ಎಂದು ಹೇಳಿ, ಪಂಚಾಯಿತಿ ಗೋಡೆಗೆ ಸುಣ್ಣ ಬಳಿಸಿ. ಇನ್ನೊಬ್ಬಳು ಅದನ್ನು ಓದಿ ನಂಬುವುದು ಬೇಡ.

ನಾನು ಗುಪ್ತವಾಗಿ ಹೇಳಿದ್ದು ಎಲ್ಲರಿಗೂ ಗೊತ್ತಾಯಿತು. ಹಾಗಾಗಿ ಈ ಸಲ ಬಹಿರಂಗ ಪತ್ರ ಬರೆದು ಎಲ್ಲರೆದುರೇ ಹೇಳುತ್ತಿದ್ದೇನೆ. ಬೇರೆಯವರ ಹೆಸರು ಕೊಡುವ ಉಪಾಯವನ್ನೂ ಬಿಟ್ಟಿದ್ದೇನೆ. ಮತ್ತೆ ಯಾರಾದರೂ ಹುಡುಕಿಕೊಂಡು ಬರುವುದಾದರೆ ಜೋಗಯ್ಯನನ್ನು ಕೇಳುವ ಶ್ರಮ ಬೇಡ. ಬಸ್ಸಿಳಿದು ಕೆರೆ ಏರಿಯ ಕಡೆ ಬಂದರೆ, ಹೊಂಗೆ ಮರವಿರುವ ಮೂಲೆಮನೆ ನಮ್ಮದು. ಬೆಳಿಗ್ಗೆ ನಾನು ಮಂಗಳಾಳನ್ನು ಬದುವಿನ ಮೇಲೆ ಬಸ್ಸಿನವರೆಗೆ ಬಿಟ್ಟುಬರಲು ಹೋಗಿರುತ್ತೇನೆ. ಆಮೇಲೆ ಇಡೀ ದಿನ ಮನೆಯಲ್ಲೇ ಇರುತ್ತೇನೆ.

ಇಂತಿ,
ತೀರಿಕೊಂಡ ದೊಡ್ಡಬೀರಯ್ಯನವರ ಸೊಸೆ,
ಸದ್ಯ ಬದುಕಿರುವ
ಚಾಮುಂಡಮ್ಮ